ಭುಜಕ್ಕೆ ಹತ್ತೇ ಸಾಕು

ಎತ್ತಲು ಒಂದು ಕೈಯನ್ನೂ, ಅದು ಏಳದ ದಿನ ಆನಿಸಿ ಹಿಡಿಯಲು ಇನ್ನೊಬ್ಬರ ಕೈಯನ್ನೂ ಕರುಣಿಸಿದ ಭಗವಂತನಿಗೆ ಮೊದಲು ಕೃತಜ್ಞತೆಯ ನಮಸ್ಕಾರ. ನೋವನ್ನು ಗುರುವಾಗಿ ಕಳುಹಿಸಿದವನೂ ಅವನೇ. ಆ ಪಾಠ ತಡವಾಗಿ ತಲೆಗೆ ಹತ್ತಿದ್ದಕ್ಕೆ ನನ್ನ ಮಂದಮತಿಯೊಂದೇ ಕಾರಣ.

ಬಸ್ರೂರಿನ ನಮ್ಮ ಮನೆಯ ಬಾವಿಕಟ್ಟೆಯಲ್ಲಿ, ಪೂಜೆಗೆ ನೀರು ಸೇದುವಾಗ, ಪಾಚಿಯ ಮೇಲೆ ಕಾಲು ಜಾರಿ ಬಲಭುಜ ಊರಿ ಬಿದ್ದೆ. ಮೂಳೆ ಮುರಿದಿರಲಿಲ್ಲ. ಆದರೆ ಕೆಲವು ವಾರಗಳಲ್ಲಿ ಭುಜ ಬಿಗಿದುಕೊಂಡು, ಕೈ ಎದೆಯ ಮಟ್ಟದಿಂದ ಮೇಲೇಳದಾಯಿತು. ಮಂಗಳಾರತಿ ದೇವರ ಪಾದದವರೆಗೆ ಹೋಗುತ್ತಿತ್ತು. ಮುಖದವರೆಗೆ ಹೋಗಬೇಕಾದರೆ ನನ್ನಾಕೆ ಮೊಣಕೈಯ ಕೆಳಗೆ ಕೈಕೊಟ್ಟು ಎತ್ತಬೇಕು. ಉಪನಯನವಾದಂದಿನಿಂದ ಒಬ್ಬನೇ ಎತ್ತಿದ ಆರತಿ ಅದು. ಉಳಿದ ಆಯುಷ್ಯವೆಲ್ಲ ಹೀಗೆಯೇ ಸಾಗಬೇಕೇ ಎಂಬ ಚಿಂತೆ ನೋವಿಗಿಂತ ಹೆಚ್ಚಾಗಿ ಕಾಡಿತು. ಆಕೆಯೋ, ಮದುವೆಯಾದ ಮೇಲೆ ನಾನು ತನ್ನ ಇಚ್ಛೆಯಂತೆ ಕೈಯಾಡಿಸಿದ್ದು ಇದೇ ಮೊದಲೆಂದು ನಗುತ್ತಿದ್ದಳು.

ಕುಂದಾಪುರದ ಫಿಸಿಯೋಥೆರಪಿ ಕೇಂದ್ರದಲ್ಲಿ, ನಾವುಂದದ ಕಡೆಯ ಹೆಣ್ಣುಮಗಳೊಬ್ಬಳು ನನಗೆ ಎರಡು ಅಭ್ಯಾಸಗಳನ್ನು ಕಲಿಸಿದಳು. ಬಾಗಿ ನಿಂತು ಕೈಯನ್ನು ಇಳಿಬಿಟ್ಟು ತೂಗುವುದು ಒಂದು; ಬೆರಳುಗಳನ್ನು ಜೇಡದಂತೆ ಗೋಡೆ ಹತ್ತಿಸುವುದು ಇನ್ನೊಂದು. ಬೆಳಿಗ್ಗೆ, ಸಂಜೆ, ಹತ್ತು ಹತ್ತು ಸಲ.

ಶಾಸ್ತ್ರ ಓದಿದ ತಲೆಗೆ ಈ ಹತ್ತು ಒಪ್ಪಿಗೆಯಾಗಲಿಲ್ಲ. ಜಪದಲ್ಲಿ ಹತ್ತೆಂಬುದು ಪ್ರಯಾಣದಲ್ಲಿರುವವನಿಗೆ ಕೊಟ್ಟ ವಿನಾಯಿತಿ. ಮನೆಯಲ್ಲಿರುವವನಿಗೆ ನೂರೆಂಟೇ ಶೋಭೆ. ಎಡಗೈಯಲ್ಲಿ ಜಪಸರ ಹಿಡಿಯುವುದು ಸಲ್ಲದೆಂದು, ಹುಣಸೆಬೀಜಗಳನ್ನು ಒಂದೊಂದಾಗಿ ಸರಿಸುತ್ತ ಬಲಗೈಯನ್ನು ನೂರೆಂಟು ಸಲ ಶ್ರದ್ಧೆಯಿಂದ ಗೋಡೆ ಹತ್ತಿಸಿದೆ. ನಾಲ್ಕನೆಯ ದಿನ ಆರತಿ ಪಾದದ ಮಟ್ಟಕ್ಕೂ ಏಳಲಿಲ್ಲ.

ಕೇಂದ್ರಕ್ಕೆ ಹೋದಾಗ, ಎಷ್ಟು ಸಲ ಮಾಡಿದಿರೆಂದು ಆಕೆ ಕೇಳಿದಳು. ತುಸು ಹೆಮ್ಮೆಯಿಂದಲೇ ಹೇಳಿದೆ. ಊದಿದ ಭುಜವನ್ನು ಮೆಲ್ಲಗೆ ಒತ್ತಿ ನೋಡಿ,

"ಅಜ್ಜಯ್ಯ, ಲೆಕ್ಕ ಹೆಚ್ಚಾರೆ ದೇವ್ರಿಗ್ ಖುಷಿ ಆತ್ತೋ ಏನೋ, ಭುಜಕ್ಕ್ ಆತಿಲ್ಲೆ. ಇನ್ ನಾಕ್ ದಿನ ಎಂತದೂ ಮಾಡುಕಾಗ," ಎಂದಳು.

ಆ ನಾಲ್ಕು ದಿನಗಳು ಏಕಾದಶಿಯ ಉಪವಾಸಕ್ಕಿಂತ ಕಠಿಣವಾದವು. ಹುಣಸೆಬೀಜಗಳು ಮನೆಯಿಂದ ಮಾಯವಾಗಿದ್ದವು. ಅಭ್ಯಾಸ ಮತ್ತೆ ಆರಂಭವಾದಾಗ ಎಣಿಕೆಯ ಅಧಿಕಾರ ನನ್ನಾಕೆಯದಾಗಿತ್ತು. ಹನ್ನೊಂದಕ್ಕೆ ಬೆರಳು ಏಳುವ ಮೊದಲೇ ಅಡುಗೆಮನೆಯಿಂದ ಕೆಮ್ಮು ಕೇಳಿಸುತ್ತಿತ್ತು. ಮೀರಲು ಯತ್ನಿಸಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೂ ಗೋಡೆಯ ಮೇಲೆ ಬೆರಳು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಮೇಲಕ್ಕೆ ಹೋಯಿತು.

ಒಂದು ಬೆಳಿಗ್ಗೆ ಆರತಿಯ ಹೊತ್ತಿಗೆ ಆಕೆ ಹಿಂದೆ ನಿಂತಳೇ ಹೊರತು ಕೈಕೊಡಲಿಲ್ಲ. ದೀಪ ಪಾದ ದಾಟಿ, ಎದೆ ದಾಟಿ, ನಡುಗುತ್ತ ಮುಖದ ಎದುರು ನಿಂತಿತು. ಕಣ್ಣು ತುಂಬಿದ್ದಕ್ಕೆ ಕರ್ಪೂರದ ಹೊಗೆಯನ್ನು ದೂರುವುದು ಸುಲಭ, ದೂರುವುದಿಲ್ಲ. ಮೂರು ಸುತ್ತು ಮುಗಿದು ನಾಲ್ಕನೆಯದಕ್ಕೆ ಕೈ ಹೊರಟಿತು.

"ಹ್ವಾಯ್, ಸಾಕ್. ದೇವ್ರ್ ನಾಳೆಗೂ ಇಲ್ಲೇ ಇರ್ತ್ರ್," ಎಂದಳು.

ಒಂದೂ ಶ್ಲೋಕವನ್ನು ಪ್ರಮಾಣವಾಗಿ ಹೇಳದೆ ಆರತಿ ಕೆಳಗಿಟ್ಟೆ.

ಆ ಹೆಣ್ಣುಮಗಳ ಕೈಗುಣ ಹೆಚ್ಚಲಿ. ಆಕೆ ಮುಟ್ಟಿದ ನೋವೆಲ್ಲ ಇಳಿಯಲಿ. ಕುಂದಾಪುರದ ಬಸ್ಸಿನಲ್ಲಿ ನನ್ನನ್ನು ಕಂಡು ಸೀಟು ಬಿಟ್ಟುಕೊಟ್ಟವರ ಕೈಕಾಲುಗಳು ಗಟ್ಟಿಯಾಗಿರಲಿ. ನನ್ನಾಕೆ ದೀರ್ಘಸುಮಂಗಲಿಯಾಗಲಿ, ಈ ಕೊನೆಯ ಆಶೀರ್ವಾದದಲ್ಲಿ ನನ್ನ ಸ್ವಾರ್ಥವೂ ಸ್ವಲ್ಪ ಉಂಟು.