ಲೇಡಿ ಹೊನೋರಿಯಾಳ ಖಾಲಿ ಗೂಡು

ಲೇಡಿ ಹೊನೋರಿಯಾ ಲಂಡನ್ನಿನ ಬಡವರ ಕೇರಿಗೆ ಹೊರಟರೆ ಬಟ್ಲರ್ ಪೊಲಾರ್ಡನ ಹುಬ್ಬು ಬೋಳುತಲೆ ಹತ್ತಿ ಹಿಂದಕ್ಕಿಳಿಯುತ್ತಿತ್ತು. ಅಗಸಗಿತ್ತಿಯರು ಕೊಟ್ಟ ಚಹಾವನ್ನು ಆಕೆ ಸಾಸರಿಗೆ ಸುರಿದು, ಥೇಮ್ಸ್ ನದಿಯ ಹಡಗುಗಳು ಬೆಚ್ಚುವಂತೆ ಸೊರ್ರೆಂದು ಹೀರುವಳು. ಅವರ ಪರವಾಗಿ ಪಾರ್ಲಿಮೆಂಟಿಗೆ ಬರೆದ ಅರ್ಜಿಗಳನ್ನು ಹೊತ್ತು ಎರಡು ಕುದುರೆಗಳಿಗೆ ಗೂನು ಬಂದಿತ್ತು. "ಅಮ್ಮಾವ್ರೇ, ಊರೆಲ್ಲ ನಗುತ್ತೆ!" ಎಂದು ಪೊಲಾರ್ಡ್ ಅಂದರೆ, "ನಗಲಿ ಬಿಡಪ್ಪ, ಹಲ್ಲಿಗೆ ಗಾಳಿಯಾಡುತ್ತೆ" ಅನ್ನುವಳು. ಅಗಸಗಿತ್ತಿ ಕೆಝಾಯಾ ಸಾಯುವಾಗ ಹೊನೋರಿಯಾಳ ಕೈ ಹಿಡಿದು, "ತಾಯೀ, ದಿಕ್ಕಿಲ್ಲದೋರ ಗುಂಡಿಗೆ ಮಾತ್ರ ನನ್ನ ಹಾಕಿಸ್ಬೇಡಿ" ಎಂದು ಅತ್ತಿದ್ದಳು. ಮೂರನೆಯ ದಿನ, ಹೊನೋರಿಯಾಳ ಅರ್ಲ್ ಮನೆತನದ ಕಲ್ಲಿನ ಸಮಾಧಿಯೊಳಗೆ ಖಾಲಿ ಉಳಿದಿದ್ದ ಒಂದೇ ಗೂಡಿಗೆ ಕೆಝಾಯಾಳ ಶವಪೆಟ್ಟಿಗೆ ಸೇರಿದ್ದನ್ನು ಕಂಡು ಪೊಲಾರ್ಡ್ ಕಂಬದಂತೆ ನಿಂತುಬಿಟ್ಟ. "ಅಮ್ಮಾವ್ರೇ, ಅದು ನಿಮ್ಮ ಜಾಗ!" "ಗೊತ್ತು ಪೊಲಾರ್ಡ್. ನನ್ನನ್ನ ಹೊರಗೆ ಹುಲ್ಲಲ್ಲಿ ಹೂಳಿಸು. ಆ ನೆಂಟರ ಮಧ್ಯೆ ನಂಗೆ ಯಾವತ್ತೂ ನಿದ್ದೆ ಬಂದಿಲ್ಲ."