ಕತ್ತರಿ ಮುದ್ರೆಯ ಮೂರು ಕಾರ್ಡುಗಳು

ಓದುವ ಹುಡುಗನೊಬ್ಬನ ಬಳಿ ಎಷ್ಟು ಕಾರ್ಡುಗಳಿರಬೇಕು ಎಂಬ ಪ್ರಶ್ನೆಯನ್ನು ನನ್ನ ತಂದೆ ಒಮ್ಮೆ ಮಾತ್ರ ಕೇಳಿದರು. ಕೇಳಿದ್ದು ನನ್ನನ್ನಲ್ಲ, ಜಹೀರಾಬಾದಿನಲ್ಲಿ ನಾನು ಊಟ ಮಾಡುತ್ತಿದ್ದ ಖಾನಾವಳಿಯ ಒಡತಿಯನ್ನು. ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಭಾಷಾವಾರು ಪ್ರಾಂತ್ಯಗಳಾಗಿ ಹದಿನೈದು ವರ್ಷಗಳಾಗಿದ್ದಿರಬೇಕು. ಒಂದೆರಡು ವರ್ಷ ಹೆಚ್ಚುಕಡಿಮೆಯಾಗಿದ್ದರೆ ಓದುಗರು ಕ್ಷಮಿಸಬೇಕು.

ಕಾರ್ಡು ಎಂದರೆ ಏನೆಂದು ಮೊದಲು ತಿಳಿಸುವುದು ಸರಿ. ಆ ಪೇಟೆಯಲ್ಲಿ ಉದ್ರಿ, ಅಂದರೆ ಸಾಲದ ಮೇಲೆ, ಕೊಡುವವರು ತಮ್ಮ ಲೆಕ್ಕದ ವಹಿಯಲ್ಲಿ ಬರೆದುಕೊಂಡು ಸುಮ್ಮನಾಗುತ್ತಿರಲಿಲ್ಲ. ಕೊಂಡವನ ಕೈಗೂ ಅಂಗೈಯಗಲದ ಒಂದು ರಟ್ಟಿನ ತುಂಡನ್ನು ಕೊಡುತ್ತಿದ್ದರು. ಅದೇ ಕಾರ್ಡು. ಪುಸ್ತಕದ ಅಂಗಡಿಯದು ನೀಲಿ, ಬಟ್ಟೆ ಅಂಗಡಿಯದು ಹಳದಿ, ಸೈಕಲ್ ಅಂಗಡಿಯದು ಸಿಗರೇಟು ಡಬ್ಬಿಯಿಂದ ಕತ್ತರಿಸಿದ್ದು. ನಾವೆಲ್ಲ ಅವ್ವ ಎನ್ನುತ್ತಿದ್ದ ಖಾನಾವಳಿಯ ಒಡತಿಗೆ ಓದುಬರಹ ಬರುತ್ತಿರಲಿಲ್ಲವಾದ್ದರಿಂದ ಅವರು ತಮ್ಮ ಕಾರ್ಡಿನಲ್ಲಿ ಏನನ್ನೂ ಬರೆಯುತ್ತಿರಲಿಲ್ಲ. ಒಂದು ಊಟಕ್ಕೆ ಗೋಣಿ ಹೊಲಿಯುವ ದಬ್ಬಳದಿಂದ ಒಂದು ತೂತು. ತಿಂಗಳ ಕೊನೆಯಲ್ಲಿ ಕಾರ್ಡನ್ನು ಬೆಳಕಿಗೆ ಹಿಡಿದು ಎಣಿಸುತ್ತಿದ್ದರು. ಅವರ ಎಣಿಕೆ ತಪ್ಪಿದ್ದನ್ನು ನಾನು ನೋಡಿಲ್ಲ.

ಅವರು ವಿಧವೆ, ಹಣೆಯ ತುಂಬ ವಿಭೂತಿ, ಮಾತು ಚುರುಕು. ಹಳ್ಳಿಯಿಂದ ಬಂದ ಹುಡುಗರಿಗೆ ಉದ್ರಿಯಲ್ಲಿ ಊಟ ಹಾಕುವುದಕ್ಕೆ ಅವರದೊಂದೇ ಕರಾರು: ಊರಿನಲ್ಲಿ ಮತ್ತೆಲ್ಲಿಯೂ ಕಾರ್ಡು ಇರಕೂಡದು. ಅದಕ್ಕೆ ಅವರು ಕೊಡುತ್ತಿದ್ದ ಕಾರಣವನ್ನು ನಾನು ಅರ್ಥಶಾಸ್ತ್ರದ ಯಾವ ಪಾಠದಲ್ಲಿಯೂ ಕೇಳಲಿಲ್ಲ.

"ಪ್ಯಾಂಟ್ ಹಾಕ್ಕೊಂಡು ಹಾದ್ಯಾಗ ಹೊಂಟ್ರ ಅಂಗಡಿಯವಗ ಕಾಣ್ತದ. ಸೈಕಲ್ಲೂ ಕಾಣ್ತದ. ಉಂಡದ್ದು ಯಾರಿಗೂ ಕಾಣಂಗಿಲ್ಲ. ಅದಕ್ಕ ಎರಡು ಕಾರ್ಡ ಇದ್ದವ ಮೊದಲು ಕಾಣೂದರದು ಕೊಡ್ತಾನ, ನಂದು ಹೊಟ್ಟ್ಯಾಗ ಉಳೀತದ."

ನನಗೆ ಈ ಕರಾರು ಕಷ್ಟವೆನಿಸಿರಲಿಲ್ಲ. ನಮ್ಮದು ನಾರಾಯಣಖೇಡದ ಕಡೆಯ ಹಳ್ಳಿ. ಮನೆಯಲ್ಲಿ ಹಿಂದೆ ಯಾರೂ ಓದಿದವರಲ್ಲ. ತಂದೆಯವರು ನನ್ನನ್ನು ಖಾನಾವಳಿಗೆ ಸೇರಿಸುವಾಗ ಅವ್ವನವರ ಮುಂದೆ ಕೈಮುಗಿದು, "ಇವಂಗ ಒಂದ ಕಾರ್ಡ ಸಾಕ್ರಿ ಅಕ್ಕಾ" ಎಂದು ಮಾತು ಕೊಟ್ಟಿದ್ದರು. ಆ ಮಾತಿನ ಮೇಲೆ ನಾನು ಎರಡೂವರೆ ವರ್ಷ ಊಟ ಮಾಡಿದ್ದೆ.

ನನ್ನ ಕೋಣೆಯಲ್ಲಿ ಇನ್ನೊಬ್ಬನಿದ್ದ. ತಾಂಡೂರಿನ ಹಾಸುಗಲ್ಲಿನ ವ್ಯಾಪಾರಿಯ ಮಗ. ಅವನು ಖಾನಾವಳಿಯಲ್ಲಿ ರೊಕ್ಕ ಕೊಟ್ಟು ಉಣ್ಣುತ್ತಿದ್ದುದರಿಂದ ಅವ್ವನವರ ಕರಾರು ಅವನಿಗೆ ತಾಗುತ್ತಿರಲಿಲ್ಲ. ಬೇರೆ ಅಂಗಡಿಗಳ ನಾಲ್ಕು ಕಾರ್ಡುಗಳು ಅವನಲ್ಲಿದ್ದವು. ಅವುಗಳನ್ನು ಇಸ್ಪೀಟಿನ ಎಲೆಗಳಂತೆ ಕೈಯಲ್ಲಿ ಬಿಡಿಸಿ ಹಿಡಿದು, "ಮನುಷ್ಯಾಗ ಪತ್ತು ಇರಬೇಕಲೇ. ನಿಂದೇನದ? ತೂತ ಬಿದ್ದ ರಟ್ಟು" ಎನ್ನುತ್ತಿದ್ದ.

ಪತ್ತು ಎಂದರೆ ಪೇಟೆಯಲ್ಲಿ ಒಬ್ಬನಿಗಿರುವ ನಂಬಿಕೆ, ಅವನ ಮಾತಿಗಿರುವ ಬೆಲೆ. ಈ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದೆ ನಾನು ತಪ್ಪಿದೆ.

ಡಿಸೆಂಬರಿನಲ್ಲಿ ನಮ್ಮ ತರಗತಿಯ ಗುಂಪು ಫೋಟೋ ತೆಗೆಯುವುದೆಂದಾಯಿತು. ಪ್ಯಾಂಟು ಇಲ್ಲದವರು ಇಬ್ಬರೇ ಇದ್ದೆವು. ಫೋಟೋಕ್ಕೆ ನಾಲ್ಕು ದಿನ ಇರುವಾಗ ನಾನೊಬ್ಬನೇ ಉಳಿದೆ. ಕೋಣೆಯ ಆ ಮಿತ್ರನು ನನ್ನನ್ನು ಪೇಟೆಯ ಬಟ್ಟೆ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದ. ಮಾಲಕರು ವಯಸ್ಸಾದ ಮುಸಲ್ಮಾನರು, ಕನ್ನಡವನ್ನು ಉರ್ದುವಿನ ಧಾಟಿಯಲ್ಲಿ ಆಡುವವರು. ಬಟ್ಟೆ ಮಾರಿ ಅಲ್ಲಿಯೇ ಹೊಲಿಸಿಯೂ ಕೊಡುತ್ತಿದ್ದರು. ಟೆರಿಲಿನ್ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ನನ್ನನ್ನು ಕೇಳಿದರು:

"ನಿಂದು ಪತ್ತ್ ಎಲ್ಲದ, ಬೇಟಾ?"

ನಾನು ಹೆದರಿಕೊಂಡಿದ್ದೆ. ಉರ್ದುವಿನವರು ಕೇಳುತ್ತಿದ್ದಾರೆ, ಉರ್ದುವಿನಲ್ಲಿ ವಿಳಾಸಕ್ಕೆ ಪತಾ ಎನ್ನುತ್ತಾರೆ, ಆದ್ದರಿಂದ ವಿಳಾಸ ಕೇಳುತ್ತಿದ್ದಾರೆ ಎಂದು ಒಂದು ಕ್ಷಣದಲ್ಲಿ ತರ್ಕ ಮಾಡಿದೆ. ನೆಟ್ಟಗೆ ನಿಂತು ತಂದೆಯ ಹೆಸರು, ಊರು, ಅಂಚೆ, ತಾಲೂಕು, ಜಿಲ್ಲೆ ಎಲ್ಲವನ್ನೂ ಶಾಲೆಯ ಇನ್ಸ್‌ಪೆಕ್ಟರರಿಗೆ ಒಪ್ಪಿಸುವಂತೆ ಒಪ್ಪಿಸಿದೆ.

ಮಾಲಕರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅದನ್ನೆಲ್ಲ ಬರೆದುಕೊಂಡು ಹಳದಿ ಕಾರ್ಡು ಕೊಟ್ಟರು.

ಹೊರಗೆ ಬಂದ ಮೇಲೆ ಮಿತ್ರನು ಗೋಡೆ ಹಿಡಿದುಕೊಂಡು ನಕ್ಕ. "ಲೇ ಪಂಡಿತಾ! ಊರಾಗ ನಿನ್ನ ಮಾತಿಗೆ ಯಾರ್ ನಿಲ್ತಾರ ಅಂತ ಕೇಳಿದ್ರು. ಇಲ್ಲೇ ಇರೋ ನಮ್ಮ ಕಾಕಾನ ಹೆಸರು ಹೇಳಿದ್ರ ಮುಗೀತಿತ್ತು. ನೀ ಟಪಾಲ ಹಾಕಾಕ ಪತ್ತಾ ಕೊಟ್ಟಿ!"

ಫೋಟೋ ಚೆನ್ನಾಗಿಯೇ ಬಂತು. ಪ್ಯಾಂಟನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟೆ, ಹಳದಿ ಕಾರ್ಡನ್ನು ಅದರ ಜೇಬಿನಲ್ಲಿಟ್ಟೆ. ಖಾನಾವಳಿಯ ಹಾದಿಯಲ್ಲಿ ಎಂದೂ ಅದನ್ನು ತೊಡಲಿಲ್ಲ. ವಿದ್ಯಾರ್ಥಿವೇತನ ಬಂದೊಡನೆ ಕೊಟ್ಟುಬಿಡಬೇಕೆಂಬುದು ನನ್ನ ನಿಶ್ಚಯವಾಗಿತ್ತು. ವಿದ್ಯಾರ್ಥಿವೇತನ ಬರಲಿಲ್ಲ. ಮಾಲಕರ ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟು ಹಿಂದಿನ ಗಲ್ಲಿಯಿಂದ ಕಾಲೇಜಿಗೆ ಹೋಗತೊಡಗಿದೆ.

ಪರೀಕ್ಷೆಗೆ ಇಪ್ಪತ್ತು ದಿನಗಳಿದ್ದಾಗ, ಒಂದು ಮಧ್ಯಾಹ್ನ ಖಾನಾವಳಿಗೆ ಹೋದರೆ ತಂದೆಯವರು ಒಳಗೆ ಕುಳಿತಿದ್ದರು. ಮುಂದೆ ಜೋಳದ ರೊಟ್ಟಿ, ಪುಂಡಿಪಲ್ಯ. ಅವ್ವನವರು ತಾವೇ ನಿಂತು ಬಡಿಸುತ್ತಿದ್ದರು. ಉಂಡು ಕೈ ತೊಳೆದ ಮೇಲೆ ತಂದೆಯವರು ಅಂಗಿಯ ಒಳಜೇಬಿನಿಂದ ಅರಿವೆಯಲ್ಲಿ ಸುತ್ತಿದ ಮೂರು ಪೋಸ್ಟ್ ಕಾರ್ಡುಗಳನ್ನು ತೆಗೆದರು.

"ನಿಮ್ಮ ಸಾಲಿಯಿಂದ ಬಂದಾವ ತಮ್ಮಾ. ತಿಂಗಳಿಗೊಂದು. ಏನಂತ ಓದು."

"ಊರಾಗ ಯಾರ ಕೈಲೂ ಓದಸ್ಲಿಲ್ಲೇನಪ್ಪಾ?"

"ಟಪಾಲದಂವ ಮ್ಯಾಲಿನ ತೆಲುಗು ಪತ್ತಾ ಓದಿ, ಜಹೀರಾಬಾದಿನ ಸಿಕ್ಕಾ ನೋಡಿ ಸಾಲೀದಿರಬೇಕು ಅಂದ. ಉರ್ದು ಅವಗ ಬರಂಗಿಲ್ಲ. ಪಟವಾರಿಗೆ ಬರ್ತದ. ಆದ್ರ ನನ್ನ ಮಗ ಓದ್ಯಾನ, ಮತ್ತೊಬ್ಬರ ಕೈಲಿ ಯಾಕ ಓದಸ್ಲಿ ಅಂತ ಇಟ್ಕೊಂಡು ಬಂದೀನಿ."

ಪ್ರಾಥಮಿಕ ಶಾಲೆಯಲ್ಲಿ ಉರ್ದು ಕಲಿಸಿದ ಮಾಸ್ತರರ ದಯೆಯಿಂದ ಅದನ್ನು ಓದುವುದು ನನಗೆ ಬರುತ್ತಿತ್ತು. ಮೊದಲ ಸಾಲನ್ನು ನೋಡಿದ ಕೂಡಲೆ ಯಾರ ಕಾರ್ಡೆಂದು ತಿಳಿಯಿತು. ಇನ್ನೊಬ್ಬನಾಗಿದ್ದರೆ ಮಾಲಕರು ಊರಿನ ಜಾಮೀನುದಾರನಿಗೆ ಹೇಳಿ ಕಳಿಸುತ್ತಿದ್ದರು. ನಾನು ಕೊಟ್ಟದ್ದು ವಿಳಾಸ. ಆದ್ದರಿಂದ ಅವರು ವಿಳಾಸಕ್ಕೆ ಬರೆದಿದ್ದರು. ಅವರ ಕಡೆಯಿಂದ ಯಾವ ತಪ್ಪೂ ಇರಲಿಲ್ಲ.

ಎದುರಿಗೆ ಇಬ್ಬರು, ಇಬ್ಬರಿಗೂ ಓದು ಬಾರದು. ನನ್ನ ಹಳದಿ ಕಾರ್ಡಿನ ಸಂಗತಿ ತಿಳಿದರೆ ಆ ದಿನವೇ ನನ್ನ ಊಟ ನಿಲ್ಲುತ್ತಿತ್ತು. ಊಟ ನಿಂತರೆ ಹಳ್ಳಿ, ಹಳ್ಳಿಗೆ ಹೋದರೆ ಪರೀಕ್ಷೆಯಿಲ್ಲ. ನಾನು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡು ಓದಿದೆ: "ತಮ್ಮ ಚಿರಂಜೀವಿಯ ಹಾಜರಿ ತೃಪ್ತಿಕರವಾಗಿದೆ. ಪರೀಕ್ಷೆಯು ಮುಂದಿನ ತಿಂಗಳು ಜರುಗುವುದು."

ತಂದೆಯವರ ಮುಖ ಅರಳಿತು. ಅವ್ವನವರು ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟು ಬಗ್ಗಿ ನೋಡಿದರು.

"ಕೆಳಗ ಕತ್ತರಿ ಯಾಕದ?"

ಕಾರ್ಡಿನ ಮೂಲೆಯಲ್ಲಿ ಅಂಗಡಿಯ ರಬ್ಬರ್ ಮುದ್ರೆ, ಬಾಯಿ ತೆರೆದ ಕತ್ತರಿಯ ಚಿತ್ರ. ಮೂರರಲ್ಲಿಯೂ ಇತ್ತು. ನಾನು ಅಕ್ಷರಗಳನ್ನು ಮಾತ್ರ ನೋಡಿದ್ದೆ.

"ನನ್ನ ಕುಬಸ ಹೊಲಿಯೂದು ಈ ಕತ್ತರಿಯವರಲ್ಲೇ ಅಲ್ಲೇನಪಾ? ಕತ್ತರಿ ಅಂಗಡಿ ಸಾಹೇಬ್ರು ಯಾವಾಗಿಂದ ಪರೀಕ್ಷಾ ತಗೋಳಾಕತ್ಯಾರ?"

ಪಕ್ಕದ ಸಾಲಿನಲ್ಲಿ ಉಣ್ಣುತ್ತಿದ್ದ ಲಾರಿಯವನೊಬ್ಬ, "ಪಾಸಾದ್ರ ಚಡ್ಡಿ ಹೊಲಿದು ಕೊಡ್ತಾರೇನ್ರವ್ವಾ?" ಎಂದ. ಅವನ ಗೆಳೆಯರು ನಕ್ಕರು. ನಮ್ಮ ಮೂವರಲ್ಲಿ ಯಾರೂ ನಗಲಿಲ್ಲ.

"ಈಗ ಖರೆ ಓದು" ಎಂದರು ಅವ್ವನವರು.

ಓದಿದೆ. "ಜನಾಬೆ ಆಲಿ, ಆದಾಬ್. ತಮ್ಮ ಸುಪುತ್ರರು ನಮ್ಮ ಅಂಗಡಿಯಿಂದ ಒಂದು ಪ್ಯಾಂಟನ್ನು ಒಯ್ದಿದ್ದಾರೆ. ಬಹುಶಃ ಓದಿನ ಗಡಿಬಿಡಿಯಲ್ಲಿ ಮರೆತಿರಬೇಕು. ತಾವು ಅನುಕೂಲವಾದಾಗ ನೆನಪಿಸಬೇಕೆಂದು ವಿನಂತಿ." ಉಳಿದೆರಡೂ ಹೆಚ್ಚುಕಡಿಮೆ ಅದೇ. ಮೂರನೆಯದರಲ್ಲಿ ತಮ್ಮ ಆರೋಗ್ಯ ಹೇಗಿದೆ ಎಂದು ಒಂದು ಸಾಲು ಹೆಚ್ಚಾಗಿತ್ತು.

ತಂದೆಯವರು "ಮೊದಲಿಂದು ಇನ್ನೊಮ್ಮೆ ಓದು" ಎಂದರು.

"ಜನಾಬೆ ಆಲಿ..."

"ಅದು ಯಾರಿಗಂದದ್ದು?"

"ನಿನಗ ಅಪ್ಪಾ. ದೊಡ್ಡವರಿಗೆ ಹಂಗ ಬರೀತಾರ."

ಅವರು ಆ ಕಾರ್ಡನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಹೆಸರಿಗೆ ಅದುವರೆಗೆ ಒಂದು ಕಾಗದವೂ ಬಂದಿರಲಿಲ್ಲವೆಂಬುದು ನನಗೆ ಆಗ ಹೊಳೆಯಿತು. ಅನಂತರ ಅವರು ಅವ್ವನವರ ಕಡೆಗೆ ತಿರುಗಿ ಆ ಪ್ರಶ್ನೆ ಕೇಳಿದರು:

"ಓದೋ ಹುಡುಗಗ ಎಷ್ಟು ಕಾರ್ಡ ಇರಬೇಕ್ರಿ ಅಕ್ಕಾ? ನಾ ಒಂದ ಅಂದಿದ್ದೆ. ನಮಗೇನು ತಿಳೀತದ, ಈಗಿನ ಓದಿಗೆ ಎರಡು ಬೇಕಾಗ್ತಾವೇನೋ."

ಅದು ಕುಹಕವಾಗಿರಲಿಲ್ಲ. ಅವರು ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು. ಆದ್ದರಿಂದಲೇ ನನಗೆ ತಲೆಯೆತ್ತಲು ಆಗಲಿಲ್ಲ.

"ಒಂದ ಬೇಕಣ್ಣಾ. ಎರಡಾದ್ರ ಬೆನ್ನಿಗೆ ಸುಳ್ಳೂ ಬರ್ತದ, ನೋಡಿದಿಲ್ಲ?" ಎಂದು ಅವ್ವನವರು ನನ್ನ ಕಡೆ ತಿರುಗಿದರು. "ಉದ್ರಿ ಮಾಡಿದ್ದು ಒಂದು ಕಡೀಗಿರಲಿ. ಓದು ಬರಲ್ದವರ ಮುಂದ ಕೂತು ಸುಳ್ಳು ಓದಿದಿ. ನಾನೂ ನಿನ್ನ ಕೈಲೇ ಎಷ್ಟು ಕಾಗದ ಓದಿಸೀನಿ. ಅವೆಲ್ಲಾ ಖರೆ ಏನು?"

"ಖರೆ ಅವ ರೀ ಅವ್ವಾ."

"ಹೆಂಗ ನಂಬ್ಲಿ?"

ಗದಗಿನಲ್ಲಿದ್ದ ತಮ್ಮ ಮಗಳ ಪತ್ರಗಳನ್ನೆಲ್ಲ ಅವರು ನನ್ನಿಂದಲೇ ಓದಿಸುತ್ತಿದ್ದರು.

ಅವರು ಊಟದ ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು, ಕುಂಟುತ್ತಿದ್ದ ರೊಟ್ಟಿ ಮಣೆಯ ಕಾಲಿನ ಕೆಳಗೆ ಮಡಚಿ ಸಿಕ್ಕಿಸಿದರು. ಮಣೆ ನೆಟ್ಟಗೆ ನಿಂತಿತು. ನನ್ನ ಟ್ರಂಕು ಕಟ್ಟಬೇಕಾಯಿತೆಂದುಕೊಂಡೆ. ಆಗ ತಂದೆಯವರು, ಮುಂದಿನ ಬಸ್ಸಿಗೆ ಜೋಳದ ಚೀಲ ಹಾಕಿ ಕಳಿಸುತ್ತೇನೆ, ಹಳೆಯ ಬಾಕಿ, ಮುಂದಿನ ಊಟ ಎರಡನ್ನೂ ಅದರಲ್ಲಿ ಮುರಿದುಕೊಳ್ಳಿ, ಪರೀಕ್ಷೆಯ ತನಕ ಹುಡುಗ ಉಣ್ಣಲಿ ಎಂದರು. ಅವ್ವನವರು ಒಪ್ಪಿದರು. ಕಾರ್ಡು ಮಾತ್ರ ಮರಳಿ ಕೊಡಲಿಲ್ಲ. ತಂದೆಯವರು ಅಲ್ಲಿಂದ ನೇರವಾಗಿ ಬಟ್ಟೆ ಅಂಗಡಿಗೆ ಹೋಗಿ, ತೊಗರಿ ಮಾರಿದ ಮೇಲೆ ಕೊಡುವುದಾಗಿ ಹೇಳಿ, ಚಹಾ ಕುಡಿದು ಬಂದರು. ಮಾಲಕರು ಎದ್ದು ನಿಂತು ಮಾತಾಡಿಸಿದರಂತೆ. "ಕೇಳಲ್ದೇನೇ ಅಪ್ಪನ ಪತ್ತಾ ಕೊಟ್ಟ ಹುಡುಗ ಓಡಿ ಹೋಗಂಗಿಲ್ಲ ಅಂತ ಬಟ್ಟಿ ಕೊಟ್ಟೆ" ಎಂದರಂತೆ.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಮಗಳಿಂದ ಪತ್ರ ಬಂದಾಗ ಅವ್ವನವರು ಮೊದಲಿನಂತೆ ನನ್ನ ಕೈಗೇ ಕೊಡುತ್ತಿದ್ದರು. ನಾನು ಓದಿ ಮುಗಿಸಿದ ಮೇಲೆ ತಾಂಡೂರಿನ ಮಿತ್ರನನ್ನು ಕರೆದು ನನ್ನ ಎದುರಿಗೇ ಮತ್ತೊಮ್ಮೆ ಓದಿಸುತ್ತಿದ್ದರು. ಅವನು ಓದುವಾಗ ನನ್ನ ಮುಖ ನೋಡುತ್ತಿದ್ದರು. ಆ ದಿನಗಳಲ್ಲಿ ಬಂದ ಎರಡು ಪತ್ರಗಳಿಗೂ ಹೀಗೆಯೇ ಆಯಿತು. ನಾನು ತಪ್ಪಿಲ್ಲದೆ ಓದಿದ್ದೆ. ಆದರೂ ಅವನ ಬಾಯಿಂದ ಅವೇ ಮಾತುಗಳು ಬರುವ ತನಕ ನಾನು ತುತ್ತು ಎತ್ತುತ್ತಿರಲಿಲ್ಲ.

ಕೊನೆಯ ಪರೀಕ್ಷೆ ಬರೆದು ಬಂದ ದಿನ ಊಟಕ್ಕೆ ಕುಳಿತೆ. ಮಿತ್ರನು ನನ್ನ ಪಕ್ಕದಲ್ಲಿಯೇ ಇದ್ದ. ಅವ್ವನವರು ಸೆರಗಿಗೆ ಕೈ ಒರೆಸಿಕೊಂಡು ಒಂದು ಪೋಸ್ಟ್ ಕಾರ್ಡನ್ನು ನನಗೆ ಕೊಟ್ಟರು. ಮಗಳದೇ. ಎಳ್ಳು ಕಳಿಸಬೇಕೆಂದೂ ಸಣ್ಣವನಿಗೆ ಹಲ್ಲು ಬಂದಿದೆಯೆಂದೂ ಬರೆದಿತ್ತು. ಓದಿ ಮುಗಿಸಿ, ರೂಢಿಯಂತೆ ಕಾರ್ಡನ್ನು ಮಿತ್ರನ ಕಡೆಗೆ ಚಾಚಿದೆ.

ಅವ್ವನವರು ನಡುವೆ ಕೈಹಾಕಿ ಅದನ್ನು ತೆಗೆದುಕೊಂಡರು.

"ಅಷ್ಟ ಏನು ಬರದದ್ದು?"

"ಅಷ್ಟ ರೀ ಅವ್ವಾ."

"ಹೂಂ. ಉಣ್ಣು, ಆರ್ತದ" ಎಂದು ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆಯ ಕಡೆಗೆ ಹೋದರು.