ಸರ್ವರ್ ಕೋಣೆಯ ಸೋಮವಾರದ ಪೂಜೆ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ವಿಭೂತಿ ಕೂತಿರುತ್ತಿತ್ತು. ಅವರು ಮುಟ್ಟಿದ ಕೀಬೋರ್ಡಿನ ಮೇಲೆ ಬೆಳ್ಳಗಿನ ಗುರುತು ಬೀಳುತ್ತಿತ್ತು. ಸಾಹೇಬರು ಯಾರ ಕಂಪ್ಯೂಟರಿಗೆ ಕೈಹಾಕಿ ಹೋಗಿದ್ದಾರೆಂಬುದು ನಮಗೆ ಅದರಿಂದಲೇ ತಿಳಿಯುತ್ತಿತ್ತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ.

ಪುಣೆಯ ಹಿಂಜವಾಡಿಯಲ್ಲಿ ದಿನಕ್ಕೊಂದು ಕಟ್ಟಡ ಏಳುತ್ತಿದ್ದ ಕಾಲ. ನನ್ನ ಮೊದಲ ನೌಕರಿ ಅವರ ಕೈಕೆಳಗೆ. ಸಂದರ್ಶನದಲ್ಲಿ ನನ್ನ ಅಡ್ಡಹೆಸರು ನೋಡಿದ್ದೇ ಮರಾಠಿ ಬಿಟ್ಟು, "ನಮ್ಮ ಕಡಿಯವ್ರೇನ್ರಿ ತಂಗಿ?" ಅಂದರು.

"ಹೌದ್ರಿ, ನಮ್ಮಪ್ಪಾರು ವಿಜಾಪುರ ಕಡಿಯವ್ರು. ಈಗ ನಿಗಡಿಯೊಳಗ ಇರ್ತೀವ್ರಿ" ಅಂದೆ. ತಂಗಿ ಅಂದರಲ್ಲ, ನಾನು ಕರಗಿಹೋದೆ. ಮಧ್ಯಾಹ್ನ ತಮ್ಮ ಡಬ್ಬಿಯ ಕಡಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಕೊಡುತ್ತಿದ್ದರು. ಕೆಲಸವನ್ನೂ ಕಲಿಸಿದರು, ಸುಳ್ಳೇಕೆ ಹೇಳಲಿ. "ಯಂತ್ರ ಸುಳ್ಳ ಹೇಳಂಗಿಲ್ಲ ತಂಗಿ. ಕೆಟ್ಟಿದ್ರ ಮೊದಲ ಅದರ ಗಡಿಯಾರ ನೋಡ್ರಿ" ಎಂಬುದು ಅವರ ಮಾತು.

ಕಂಪನಿಯ ಎಲ್ಲ ಕಂಪ್ಯೂಟರುಗಳಿಗೆ ಅಪ್‌ಡೇಟ್ ಹಂಚುವ ಒಂದು ಸರ್ವರ್ ಇತ್ತು. ಬೆಳಗ್ಗೆ ಕಂಪ್ಯೂಟರ್ ಶುರುವಾದ ಕೂಡಲೇ ಅದು ಸರ್ವರಿಗೆ ವರದಿ ಒಪ್ಪಿಸಬೇಕು. ಆ ವರದಿ ಬಂದ ದಿನವನ್ನು ಸರ್ವರ್ ತನ್ನ ಗಡಿಯಾರ ನೋಡಿ ಬರೆದುಕೊಳ್ಳುತ್ತಿತ್ತು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೆಲಸ ಸರಿ ಕಂಡರೆ ಕಾಯಂ ಮಾಡುತ್ತೇವೆ ಅಂದಿದ್ದರು. ಅಪ್ಪ ಆಗಲೇ ನೆಂಟರಿಗೆಲ್ಲ ಪೇಢೆ ಹಂಚಿ ಬಂದಿದ್ದ.

ಸೋಮವಾರ ಮಾತ್ರ ಆ ಕೋಣೆಗೆ ಯಾರೂ ಕಾಲಿಡುವಂತಿರಲಿಲ್ಲ. ಅವತ್ತು ಸಾಹೇಬರು ಎಲ್ಲರಿಗಿಂತ ಮೊದಲೇ ಬಂದು, ಬಾಗಿಲು ಹಾಕಿಕೊಂಡು, ಸರ್ವರಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಪೂಜೆ ಮಾಡುತ್ತಿದ್ದರು. ಹೊರಗೆ ಬಂದು ಕೊಬ್ಬರಿ-ಸಕ್ಕರೆ ಹಂಚುತ್ತಿದ್ದರು. ಆ ವಾರದ ವರದಿಯ ಬಣ್ಣಬಣ್ಣದ ನಕ್ಷೆಗಳೂ ಅದೇ ಹೊತ್ತಿಗೆ ತಯಾರಾಗಿರುತ್ತಿದ್ದವು. ಆ ನಕ್ಷೆ ಬಿಡಿಸುವ ಪ್ರೋಗ್ರಾಮನ್ನು ತಾವೇ ಬರೆದದ್ದೆಂದು ಅವರು ಮೇಲಿನವರ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದರು.

ಅದೇ ಹೊತ್ತಿನಲ್ಲಿ ನನಗೊಂದು ಪೀಡೆ ಅಂಟಿಕೊಂಡಿತು. ವಾರಕ್ಕೊಮ್ಮೆ ಸರ್ವರ್ ಬರೆದುಕೊಂಡ ಪಟ್ಟಿಯ ದಿನಾಂಕಗಳು ಕೆಡುತ್ತಿದ್ದವು. ನಿನ್ನೆಯಷ್ಟೇ ಸರಿಯಿದ್ದ ಕಂಪ್ಯೂಟರು ಹೋದ ವರ್ಷದಿಂದ ವರದಿಯನ್ನೇ ಕೊಟ್ಟಿಲ್ಲವೆಂದು ತೋರಿಸುತ್ತಿತ್ತು. ಮರುದಿನ ತಾನೇ ಸರಿಹೋಗುತ್ತಿತ್ತು. ಸರ್ವರಿನ ಗಡಿಯಾರ ನೋಡಿದೆ, ನೋಡಿದಾಗಲೆಲ್ಲ ಸರಿಯಿತ್ತು. ಸಾಹೇಬರನ್ನು ಕೇಳಿದರೆ, "ಒಳಗಿನ ಶೆಲ್ ಹೋಗಿರ್ತಾವ್ರಿ, ಬದಲಿ ಮಾಡ್ರಿ" ಅಂದರು. ನಾನು ಒಂದೊಂದೇ ಕಂಪ್ಯೂಟರು ಬಿಚ್ಚಿ, ಒಳಗಿನ ಗಡಿಯಾರ ನಡೆಸುವ ಆ ಗುಂಡಿಯಂಥ ಶೆಲ್ ಬದಲಿಸುತ್ತ ಹೋದೆ. ಅವರು ನಿಂತು ನೋಡಿದರು. ಎಲ್ಲ ಗೊತ್ತಿದ್ದೂ ನಿಂತು ನೋಡಿದರು. ಇದನ್ನು ನಾನು ಮರೆಯುವುದಿಲ್ಲ.

ಆಡಿಟ್‌ನವರು ಬಂದದ್ದು ಒಂದು ಸೋಮವಾರ. ಪಟ್ಟಿ ತೆಗೆದರೆ ಅರ್ಧಕ್ಕರ್ಧ ಕಂಪ್ಯೂಟರುಗಳ ದಿನಾಂಕ ಹಳೆಯದು. ಸಭೆಯಲ್ಲಿ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಸಾಹೇಬರು ಆರಾಮವಾಗಿ ಒರಗಿಕೊಂಡು, "ಯಂತ್ರ ಸುಳ್ಳ ಹೇಳಂಗಿಲ್ಲ ತಂಗಿ" ಎಂದು ನನಗೆ ಕನ್ನಡದಲ್ಲಿ ಅಂದು, ಈ ಹುಡುಗಿ ಕೆಲಸವನ್ನೇ ಮಾಡಿಲ್ಲ ಎಂದು ಉಳಿದವರಿಗೆ ಮರಾಠಿಯಲ್ಲಿ ಹೇಳಿದರು. ಮರುದಿನ ದಿನಾಂಕಗಳು ಸರಿಹೋದಾಗ, ನಾನೇ ಸುಳ್ಳು ದಿನಾಂಕ ತುಂಬಿದ್ದೇನೆ ಅಂದರು. ಕಾಯಂ ಆಗುವ ಮಾತು ನಿಂತಿತು. ನನ್ನನ್ನು ಯೆರವಡಾದ ಸಣ್ಣ ಕಚೇರಿಗೆ ಕಳಿಸಿದರು.

ಜೈಲಿರುವ ಊರಭಾಗ. ಪಕ್ಕದ ಮನೆಯ ಕಾಕೂ, "ಕಾಯ್ ಗುನ್ಹಾ ಕೇಲಾ ಗಂ?" ಎಂದು, ಏನು ಅಪರಾಧ ಮಾಡಿದೆಯೇ ಎಂದು ನಗಾಡಿದರು. ಅವ್ವ ನಗಲಿಲ್ಲ. ಅಪ್ಪ ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟ.

ಆ ಸರ್ವರಿನ ಪರದೆಯನ್ನು ದೂರದಿಂದ ತೆರೆಯುವ ಅನುಮತಿ ನನಗಿನ್ನೂ ಇತ್ತು, ಕಿತ್ತುಕೊಳ್ಳಲು ಮರೆತಿದ್ದರು. ಯೆರವಡಾದಲ್ಲೂ ಸೋಮವಾರ ಬೆಳಗ್ಗೆ ಶುರುಮಾಡಿದ ಕಂಪ್ಯೂಟರುಗಳ ದಿನಾಂಕ ಮಾತ್ರ ಕೆಡುವುದನ್ನು ಕಂಡು, ಮುಂದಿನ ಸೋಮವಾರ ಬೇಗ ಬಂದು ಆ ಪರದೆಯ ಮುಂದೆ ಕೂತೆ. ಅಲ್ಲಿ ಪೂಜೆಯ ಹೊತ್ತು. ನನ್ನ ಕಣ್ಣೆದುರೇ ಸರ್ವರಿನ ದಿನಾಂಕ ಹೋದ ವರ್ಷದ ದೀಪಾವಳಿಗೆ ಜಿಗಿಯಿತು. ಒಂದು ಪ್ರೋಗ್ರಾಮ್ ತೆರೆದುಕೊಂಡಿತು, ನಕ್ಷೆಗಳು ಬಂದವು, ದಿನಾಂಕ ಮತ್ತೆ ಇವತ್ತಿಗೆ ಮರಳಿತು. ಸಾಹೇಬರು ತಾವೇ ಬರೆದೆನೆಂದ ಪ್ರೋಗ್ರಾಮ್, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಯಾರದೋ ಮಾಲು. ಅದು ಒಂದು ತಿಂಗಳು ಮಾತ್ರ ಪುಕ್ಕಟೆ. ತಿಂಗಳು ಮುಗಿಯಬಾರದೆಂದು ಅವರು ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಿದ್ದರು. ಅದೇ ಗಳಿಗೆಯಲ್ಲಿ ಎಲ್ಲರೂ ಕಚೇರಿಗೆ ಬಂದು ಕಂಪ್ಯೂಟರ್ ಶುರುಮಾಡುತ್ತಿದ್ದರು, ಅವುಗಳ ವರದಿಯ ಮೇಲೆ ಹೋದ ವರ್ಷದ ದಿನಾಂಕ ಬೀಳುತ್ತಿತ್ತು.

ಅವತ್ತೇ ದೂರು ಕೊಡಬಹುದಿತ್ತು. ಕೊಡಲಿಲ್ಲ. ನನಗೆ ಎಲ್ಲರೆದುರು ಆದ ಮರ್ಯಾದೆ ಅವರಿಗೂ ಎಲ್ಲರೆದುರೇ ಆಗಬೇಕಿತ್ತು.

ಎಲ್ಲ ಕಂಪ್ಯೂಟರುಗಳೂ ಒಂದೇ ಗಡಿಯಾರ ನೋಡಿ ನಡೆಯುವಂತೆ ಮಾಡಿ ಎಂದು ಆಡಿಟ್‌ನವರು ಬರೆದು ಹೋಗಿದ್ದರು. "ಅದನ್ನ ಅಕಿಗೆ ಕೊಡ್ರಿ, ಯೆರವಡಾದಾಗ ಖಾಲಿ ಕುಂತಾಳ" ಎಂದು ಸಾಹೇಬರೇ ಆ ಕತ್ತೆಚಾಕರಿಯನ್ನು ನನ್ನ ತಲೆಗೆ ಕಟ್ಟಿದ್ದರು. ಎಲ್ಲ ಕಂಪ್ಯೂಟರುಗಳನ್ನೂ ಆ ಒಂದೇ ಗಡಿಯಾರಕ್ಕೆ ಜೋಡಿಸಿದೆ. ಆ ಸರ್ವರನ್ನು ಮಾತ್ರ ಕೊನೆಗೆ ಉಳಿಸಿಕೊಂಡೆ.

ಆಡಿಟ್‌ನವರು ಮತ್ತೆ ಬಂದದ್ದೂ ಸೋಮವಾರವೇ. ನನ್ನ ಕೆಲಸದ ಲೆಕ್ಕ ಒಪ್ಪಿಸಲು ನನ್ನನ್ನೂ ಕರೆಸಿದ್ದರು. ನಕ್ಷೆಗಳನ್ನು ಅವರ ಕಣ್ಣೆದುರೇ ತೆಗೆದು ತೋರಿಸಬೇಕಾದ್ದರಿಂದ, ಸಾಹೇಬರು ಪೂಜೆ ಮುಗಿಸಿ ದಿನಾಂಕವನ್ನು ಹಿಂದೆ ಇಟ್ಟೇ ಹೊರಗೆ ಬಂದರು. ಅವರು ಕೊಬ್ಬರಿ ಹಂಚಿ ಮುಗಿಸುವಷ್ಟರಲ್ಲಿ ನಾನು ಸರ್ವರನ್ನೂ ಆ ಗಡಿಯಾರಕ್ಕೆ ಜೋಡಿಸಿದೆ, ಅದರ ದಿನಾಂಕ ಇವತ್ತಿಗೆ ಮರಳಿತು. ನನಗೂ ಒಂದು ಚೂರು ಕೊಬ್ಬರಿ ಸಿಕ್ಕಿತು. ತಿಂದೆ.

ಸಭೆಯಲ್ಲಿ ಅವರು ಪ್ರೋಗ್ರಾಮ್ ತೆರೆದರು. ನಿಮ್ಮ ಪುಕ್ಕಟೆ ಅವಧಿ ಮುಗಿದಿದೆ ಎಂದು ಗೋಡೆಯಗಲ ಅಕ್ಷರಗಳು ಬಿದ್ದವು, ಕೆಳಗೆ ಅದನ್ನು ಮಾಡಿದ ಕಂಪನಿಯ ಹೆಸರು. ಆಡಿಟ್‌ನವರು, "ಹೇ ತುಮ್ಹೀಚ ಬನವಲಂ ನಾ?" ಅಂದರು. ಇದನ್ನು ನೀವೇ ಮಾಡಿದ್ದಲ್ಲವೇ ಎಂದು. ಸಾಹೇಬರ ವಿಭೂತಿಯ ಹೆಬ್ಬೆರಳು ಕೀಲಿಗಳ ಮೇಲೆ ತಡವರಿಸಿತು.

"ಸಾಹೇಬ್ರ, ಇವತ್ತ ಪೂಜಾ ಸರಿ ಆಗಿಲ್ಲೇನ್ರಿ?" ಅಂದೆ. ಆಮೇಲೆ ಎದ್ದು ನಿಂತು, ಸೋಮವಾರಗಳ ಕತೆಯನ್ನೆಲ್ಲ ಮರಾಠಿಯಲ್ಲಿ ಬಿಡಿಸಿ ಹೇಳಿದೆ. ಅವರ ಮುಖ ನೋಡಿ ಹಾಲು ಕುಡಿದಷ್ಟು ಸಂತೋಷವಾಯಿತು.

ನಾನು ಕಾಯಂ ಆದೆ. ಅವರು ರಾಜೀನಾಮೆ ಕೊಟ್ಟು ಹೋದರು. ಇವತ್ತಿಗೂ ಕೆಟ್ಟ ಯಂತ್ರದ ಮುಂದೆ ಕೂತರೆ ಮೊದಲು ಅದರ ಗಡಿಯಾರವನ್ನೇ ನೋಡುತ್ತೇನೆ. ಅಷ್ಟು ಋಣ ಅವರದು ನನ್ನ ಮೇಲಿದೆ.

ಕೆಲವು ವರ್ಷಗಳ ನಂತರ ಅವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಅವ್ವನ ಒತ್ತಾಯಕ್ಕೆ ಅವರ ಮನೆಯವರನ್ನು ಮಾತಾಡಿಸಲು ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದು, "ಆಫೀಸಿನ್ಯಾಗ ವಿಜಾಪುರ ಕಡಿ ಹುಡುಗಿ ಒಬ್ಬಾಕಿ ಇದ್ಲು, ಅಕಿದು ಏನೂ ತಪ್ಪಿರಲಿಲ್ಲ ಅಂತ ಭಾಳ ಸಲ ಹೇಳ್ತಿದ್ರು. ನೀವೇ ಏನವಾ ಅಕಿ?" ಅಂದರು.

"ಅಲ್ರಿ, ಅಕಿ ಬ್ಯಾರೆ" ಅಂದೆ.

ಆ ಒಂದು ಮಾತನ್ನು ಸಾಹೇಬರು ಅವತ್ತು ಸಭೆಯಲ್ಲಿ ಹೇಳಿದ್ದರೆ, ನಾನು ಹೌದು ಅನ್ನುತ್ತಿದ್ದೆ.